ಚಂದ್ರಾ ನೋಡಿ ಬಂದ್ಮೇಲೆ (ಭಾಗ 2)

ಮೊದಲು ಜಗಳದ ವಿಷಯ ಮುಗಿಸ್ತೇನೆ. 'ಲೋಕಾ: ಚಾಪ್ಟರ್ 1' (2025) ಸಿನಿಮಾದಲ್ಲಿ ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಡೈಲಾಗ್ ಕೆಟ್ಟದ್ದೇ, ವಿಲನ್ ಬಾಯಲ್ಲಿ ಬಂದ್ರೂ. ನಮ್ಮವರು ಕೇಳಿದ್ರು, ನಿರ್ಮಾಪಕರು ಕ್ಷಮೆ ಕೇಳಿ ತೆಗೀತೇವೆ ಅಂದ್ರು. ಅದೊಂದಕ್ಕೆ ಇಡೀ ಸಿನಿಮಾ ಬಿಟ್ರೆ ನಷ್ಟ ನಮಗೇ ಮಾರಾಯ್ರೆ.

ಯಾಕೆ ಗೊತ್ತುಂಟಾ? ಇಲ್ಲಿ ಹೊಡೆಯುವವಳು ಕಲ್ಯಾಣಿ ಪ್ರಿಯದರ್ಶನ್, ಹೆದರುವವನು ಎದುರು ಫ್ಲ್ಯಾಟಿನ ಹುಡುಗ. (ನಸ್ಲೆನ್ ಮುಖ ನೋಡಿ ನಕ್ಕೂ ನಕ್ಕೂ ಸಾಕಾಯ್ತು.) ಕೇರಳದವರು ಹೆದರ್ತಿದ್ದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನೇ ಹೀರೋ ಮಾಡಿದ್ದಾರೆ.

ನಮ್ಮಲ್ಲಿ ಇಲ್ವಾ? ವಾಮಂಜೂರಿಂದ ಮೂಡುಬಿದಿರೆ ದಾಟಿದ್ರೆ ಕಾರ್ಕಳ. ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಒಂದು ಕೈ, ಒಂದು ಕಾಲು ಅರಸ ಕಡಿಸಿದ ಅಂತ ಪಾಡ್ದನ ಹೇಳ್ತದೆ. ಅಣ್ಣನ ಪರವಾಗಿ ಸೇಡಿಗೆ ನಿಂತವಳು ತಂಗಿ ಕಲ್ಲುರ್ಟಿ.

ದೈವಗಳನ್ನ ಪರದೆಗೆ ಎಳೀಬೇಡಿ ಅಂತ ಅಜ್ಜಿ ಬೈತಾರೆ. ಸರಿ, ಕೋಲದ ವೇಷ ಬೇಡ, ನಾನೂ ಒಪ್ತೇನೆ. ಆದ್ರೆ ಅಷ್ಟು ಸಿಟ್ಟಿರುವ ಒಬ್ಬ ಹುಡುಗಿಯ ಪಾತ್ರ ಬರೀಲಿಕ್ಕೆ ಯಾರ ಅಡ್ಡಿ? ನಮ್ಮ ಸಿನಿಮಾದ ಹುಡುಗಿ ಇನ್ನೂ ಹೀರೋ ಬರ್ತಾನೆ ಅಂತ ಕಾಯ್ತಾ ಕೂತಿದ್ದಾಳೆ.

ಆ ಪಾತ್ರ ಯಾರು ಮಾಡ್ಬೇಕು? ಕಾಮೆಂಟಲ್ಲಿ ಹೆಸರು ಹಾಕಿ.