ಗಲ್ಲಾಪೆಟ್ಟಿಗೆಯಿಂದ ವೃದ್ಧಾಶ್ರಮಕ್ಕೆ

2012ರಲ್ಲಿ ಜರ್ಮನಿಯ ಶ್ಲೆಕರ್ ದಿವಾಳಿಯೆದ್ದಿತು. ಸೋಪು, ಶಾಂಪೂ ಮಾರುವ ಸಾವಿರಾರು ಚಿಕ್ಕ ಅಂಗಡಿಗಳ ಕಂಪನಿ ಅದು. ಕೆಲಸ ಕಳೆದುಕೊಂಡ ಸುಮಾರು 25 ಸಾವಿರ ಮಂದಿಯಲ್ಲಿ ಬಹುಪಾಲು ಹೆಂಗಸರು. ಆಗಿನ ಕಾರ್ಮಿಕ ಸಚಿವೆ ಉರ್ಸುಲಾ ಫಾನ್ ಡೆರ್ ಲೇಯನ್ (ಮುಂದೆ ಐರೋಪ್ಯ ಆಯೋಗದ ಅಧ್ಯಕ್ಷೆಯಾದವರು) ಒಂದು ದಾರಿ ಸೂಚಿಸಿದರು: ಇವರಿಗೆ ತರಬೇತಿ ಕೊಟ್ಟು ಶಿಶುವಿಹಾರಗಳಿಗೂ ವೃದ್ಧರ ಆರೈಕೆಗೂ ಕಳಿಸೋಣ. ಅಲ್ಲಿ ಜನ ಸಾಲದು, ಇಲ್ಲಿ ಜನರಿಗೆ ಕೆಲಸವಿಲ್ಲ, ಲೆಕ್ಕ ಚುಕ್ತಾ.

ಆರೈಕೆಯ ವೃತ್ತಿಯಲ್ಲಿದ್ದವರಿಗೆ ಇದು ಚುಚ್ಚಿತು. ಹೆಂಗಸಾದರೆ ಸಾಕು, ಮುದುಕರನ್ನು ನೋಡಿಕೊಳ್ಳಲು ತಾನಾಗಿಯೇ ಬರುತ್ತದೆ ಎಂಬ ಹಳೆಯ ನಂಬಿಕೆಯ ವಾಸನೆ ಅದರಲ್ಲಿತ್ತು. ಪೂರ್ಣ ಅರ್ಹತೆಗೆ ಅಲ್ಲಿ ಮೂರು ವರ್ಷ ಕಲಿಯಬೇಕು. ಅಮೆರಿಕದಲ್ಲಾದರೆ, ನರ್ಸಿಂಗ್ ಹೋಮ್ ಸಹಾಯಕರಿಗೆ 1987ರ ಕೇಂದ್ರ ಕಾನೂನು ಕೇಳುವುದು ಕನಿಷ್ಠ 75 ಗಂಟೆಗಳ ತರಬೇತಿ.

ಕಲಿಯುವುದೇನಿದೆ ಎನ್ನುವವರು ಮಲಗಿದಲ್ಲೇ ಇರುವ ಒಬ್ಬರನ್ನು ಗಾಲಿಕುರ್ಚಿಗೆ ಸಾಗಿಸಿ ನೋಡಬೇಕು. ಎತ್ತುವವರ ಸೊಂಟವೂ ಉಳಿಯಬೇಕು, ಕೂರುವವರ ಮಾನವೂ ಉಳಿಯಬೇಕು. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ನುಂಗಲು ಕಷ್ಟಪಡುವವರಿಗೆ ಅವಸರದಲ್ಲಿ ಕೊಟ್ಟ ಒಂದು ಚಮಚ ಸೂಪು ಶ್ವಾಸಕೋಶಕ್ಕಿಳಿದೀತು. ಎಂದೋ ತೀರಿಕೊಂಡ ಅಮ್ಮ ಯಾವಾಗ ಬರುತ್ತಾಳೆ ಎಂದು ದಿನವೂ ಕೇಳುವ ತೊಂಬತ್ತರ ಅಜ್ಜಿಗೆ ಏನು ಹೇಳುವುದು? ನಿಜ ಹೇಳಿದರೆ ಆಕೆ ದಿನವೂ ಹೊಸದಾಗಿ ಅಳುತ್ತಾಳೆ.

ಈ ಕೊನೆಯದರಲ್ಲಿ ನಲವತ್ತೈದು ದಾಟಿ ಬಂದವರು ಇಪ್ಪತ್ತರ ಹುಡುಗರಿಗಿಂತ ಮುಂದಿರುತ್ತಾರೆ ಎಂಬುದು ನನ್ನ ಅನಿಸಿಕೆ. ತಂದೆತಾಯಿಯ ಕೊನೆಗಾಲ ಕಂಡವರು, ಅಂಗಡಿಯಲ್ಲಿ ಒಂದೇ ಪ್ರಶ್ನೆಗೆ ನೂರು ಸಲ ಮುಖ ಸಿಂಡರಿಸದೆ ಉತ್ತರಿಸಿದವರು. ಆ ಅನುಭವಕ್ಕೆ ಸಂಬಳದ ಚೀಟಿಯಲ್ಲಿ ಕಾಲಂ ಇಲ್ಲ, ಅಷ್ಟೆ. ಐವತ್ತರಲ್ಲಿ ಮತ್ತೆ ಹೊಸಬರ ಸಂಬಳದಿಂದಲೇ ಶುರು.

ಹೀಗೆ ಬೇರೆ ಕಸುಬಿನಿಂದ ಬರುವವರಿಗೆ ಒಗ್ಗುವ ಇನ್ನೊಂದು ಹುದ್ದೆಯನ್ನು ಜರ್ಮನಿ 2008ರಲ್ಲೇ ಸೃಷ್ಟಿಸಿತ್ತು. ಮರೆವಿನ ಕಾಯಿಲೆಯ ವೃದ್ಧರ ಜೊತೆಗಿರುವವರು: 160 ಗಂಟೆಗಳ ಪಾಠ, ಜೊತೆಗೆ ಒಂದಿಷ್ಟು ಪ್ರಾಯೋಗಿಕ ಕಲಿಕೆ. ಸ್ನಾನ, ಔಷಧಿ ಇವರ ಕೆಲಸವಲ್ಲ. ಪತ್ರಿಕೆ ಓದಿ ಹೇಳುವುದು, ಹಾಡುವುದು, ವಾಕಿಂಗ್ ಕರೆದುಕೊಂಡು ಹೋಗುವುದು ಇವರ ಪಾಲು. ಒಳ್ಳೆಯ ಏರ್ಪಾಡೇ, ಅದರಿಂದ ಎಷ್ಟೋ ವೃದ್ಧರ ಮಧ್ಯಾಹ್ನಗಳು ಹಗುರಾಗಿರಬೇಕು. ಆದರೂ ಮೈ ಒರೆಸುವವರಿಗೆ ಮಾತಾಡಲು ಪುರಸೊತ್ತಿಲ್ಲದಂತೆ ಪಾಳಿ ಹಾಕಿ, ಮಾತಿಗೆಂದೇ ಇನ್ನೊಬ್ಬರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವ ಲೆಕ್ಕಾಚಾರ ನನಗೆ ಒಪ್ಪಿಗೆಯಾಗುವುದಿಲ್ಲ.