ಬಾಂಬು ಹಾಕಿದ ಊರಿಗೆ

‘ಸಂಕಟ ಬಂದಾಗ ವೆಂಕಟರಮಣ’ ಎಂದು ನಮ್ಮ ಹಿರಿಯರು ಆಡಿದ ಮಾತಿನಲ್ಲಿ ಕುಹಕವಿದೆ, ಸತ್ಯವೂ ಇದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಹೋಟೆಲು ನಡೆಸಿದ ವರ್ಷಗಳಲ್ಲಿ, ಕಷ್ಟದಲ್ಲಿ ಹರಕೆ ಹೊತ್ತು ಸುಖದಲ್ಲಿ ಮರೆತವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. (ಆ ಪಟ್ಟಿಯಿಂದ ನಮ್ಮ ಹೆಸರನ್ನೂ ಬಿಡಬೇಕಾಗಿಲ್ಲ.) ಆದುದರಿಂದ ಸೆರೆಮನೆಯಲ್ಲಿ, ಸಾವಿನ ಬಾಗಿಲಲ್ಲಿ ಹುಟ್ಟಿದ ದೈವಭಕ್ತಿಯ ಕಥೆಗಳನ್ನು ಸುಲಭವಾಗಿ ನಂಬುವ ಸ್ವಭಾವ ನಮ್ಮದಲ್ಲ. ಅಮೆರಿಕದ ಜೇಕಬ್ ಡಿಶೇಜರನ ವೃತ್ತಾಂತ ಮಾತ್ರ ನಮ್ಮನ್ನು ತಡೆದು ನಿಲ್ಲಿಸಿದೆ.

1941ರ ಡಿಸೆಂಬರದಲ್ಲಿ ಜಪಾನವು ಪರ್ಲ್ ಹಾರ್ಬರಿನ ಮೇಲೆ ಎರಗಿದ ಸುದ್ದಿ ಬಂದಾಗ ಈ ಸೈನಿಕನು ಅಡಿಗೆಯ ಪಾಳಿಯಲ್ಲಿ ಬಟಾಟೆ ಸುಲಿಯುತ್ತಿದ್ದನಂತೆ. ಕೈಯಲ್ಲಿದ್ದ ಬಟಾಟೆಯನ್ನು ಗೋಡೆಗೆ ಅಪ್ಪಳಿಸಿ, ಜಪಾನೀಯರು ಇದಕ್ಕೆ ಬೆಲೆ ತೆರಲೇಬೇಕೆಂದು ಕೂಗಿದನು. ಆ ಸಂದರ್ಭವೂ ಬೇಗನೆ ಒದಗಿತು. 1942ರ ಏಪ್ರಿಲ್ 18ರಂದು ಡೂಲಿಟಲನ ನೇತೃತ್ವದಲ್ಲಿ 16 ವಿಮಾನಗಳು ಹಡಗಿನ ಮೇಲಿಂದ ಹಾರಿ ಜಪಾನಿನ ಮೇಲೆ ಬಾಂಬು ಸುರಿಸಿದಾಗ, ಕೊನೆಯ ವಿಮಾನದಲ್ಲಿದ್ದ ಡಿಶೇಜರನ ಪಾಲಿಗೆ ನಗೋಯಾ ಪಟ್ಟಣ ಬಂದಿತು. ಇಂಧನ ತೀರಿ ಚೀನದ ನೆಲಕ್ಕೆ ಧುಮುಕಿದವನು ಜಪಾನೀ ಸೈನ್ಯದ ಕೈಗೆ ಸಿಕ್ಕಿದನು. ಸೆರೆಸಿಕ್ಕ 8 ಮಂದಿಯಲ್ಲಿ ಮೂವರನ್ನು ಅದೇ ಅಕ್ಟೋಬರದಲ್ಲಿ ಗುಂಡಿಕ್ಕಿ ಕೊಂದರು. ಮತ್ತೊಬ್ಬನು 1943ರಲ್ಲಿ ಹಸಿವು ರೋಗಗಳಿಂದ ಸೆರೆಯಲ್ಲಿಯೇ ತೀರಿಕೊಂಡನು. ಡಿಶೇಜರನು ಕಳೆದುದು 40 ತಿಂಗಳು; ಅದರಲ್ಲಿ 34 ತಿಂಗಳು ಒಂಟಿಕೋಣೆ.

1944ರ ಮೇ ತಿಂಗಳಲ್ಲಿ ಸೆರೆಯಾಳುಗಳ ನಡುವೆ ಒಂದು ಬೈಬಲ್ ಪ್ರತಿ ಸರದಿಯಂತೆ ಕೈಬದಲಾಯಿತು. ಈತನಿಗೆ ದೊರೆತ ಅವಧಿ ಮೂರು ವಾರ. ಕ್ರೈಸ್ತ ಮನೆತನದಲ್ಲಿ ಹುಟ್ಟಿಯೂ ಆ ಧರ್ಮವನ್ನು ಮನಸ್ಸಿಗೆ ಹಚ್ಚಿಕೊಳ್ಳದಿದ್ದವನು ಅದನ್ನು ಮತ್ತೆ ಮತ್ತೆ ಓದಿ, ಅನೇಕ ವಚನಗಳನ್ನು ಬಾಯಿಪಾಠ ಮಾಡಿಕೊಂಡನು. ವೈರಿಯನ್ನು ಪ್ರೀತಿಸಬೇಕೆಂಬ ಬೋಧೆಗೆ ಪರೀಕ್ಷೆ ಕೂಡಲೇ ಬಂದಿತು. ಕಾವಲುಗಾರನೊಬ್ಬನು ಈತನ ಬರಿಗಾಲನ್ನು ಬಾಗಿಲಿಗೆ ಸಿಕ್ಕಿಸಿ, ಬೂಟಿನಿಂದ ಒದೆದನು. ಮರುದಿನ ಡಿಶೇಜರನು ಅವನಿಗೆ ಜಪಾನೀ ಭಾಷೆಯಲ್ಲಿ ನಮಸ್ಕಾರ ಹೇಳಿದನು. ಅದರ ಮರುದಿನವೂ ಹೇಳಿದನು. ಕೆಲವು ದಿನಗಳ ತರುವಾಯ ಆ ಕಾವಲುಗಾರನೇ ಒಂದು ಬೇಯಿಸಿದ ಗೆಣಸನ್ನು ತಂದುಕೊಟ್ಟನಂತೆ. ಹಸಿದವನ ಮುಂದೆ ತಟ್ಟೆಯಿಡುವ ಉದ್ಯೋಗದಲ್ಲಿದ್ದ ನಮಗೆ ಆ ಗೆಣಸಿನ ತೂಕ ಗೊತ್ತು. ಯಾರ ಅಪ್ಪಣೆಯೂ ಇಲ್ಲದೆ, ಯಾವ ಲೆಕ್ಕಕ್ಕೂ ಬರೆಯದೆ ಕೊಟ್ಟ ಊಟ ಅದು.

1945ರ ಆಗಸ್ಟದಲ್ಲಿ ಬಿಡುಗಡೆಯಾಯಿತು. ಸಂಕಟ ಕಳೆಯಿತು. ಗಾದೆಯ ಪ್ರಕಾರ ಇನ್ನು ವೆಂಕಟರಮಣನನ್ನು ಮರೆಯಬೇಕು. ಈತನು ಊರಿಗೆ ಹೋಗಿ ಕಾಲೇಜು ಸೇರಿ, 1948ರ ಡಿಸೆಂಬರದಲ್ಲಿ ಹೆಂಡತಿಯೊಡನೆ ಜಪಾನಕ್ಕೆ ಧರ್ಮೋಪದೇಶಕನಾಗಿ ಬಂದಿಳಿದನು. ಪರ್ಲ್ ಹಾರ್ಬರಿನ ಮೇಲೆ ವಿಮಾನಗಳನ್ನು ನಡೆಸಿಕೊಂಡು ಹೋದ ಮಿತ್ಸುವೊ ಫುಚಿದಾನು, ಟೋಕಿಯೋದ ಶಿಬುಯಾ ನಿಲ್ದಾಣದಲ್ಲಿ ದೊರೆತ ಈತನ ಕಥೆಯ ಕರಪತ್ರದಿಂದಲೇ ತಾನು ಬೈಬಲ್ಲಿನತ್ತ ತಿರುಗಿದೆನೆಂದು ಹೇಳಿಕೊಂಡಿದ್ದಾನೆ. ಫುಚಿದಾನ ಯುದ್ಧಸ್ಮರಣೆಗಳಲ್ಲಿ ಕೆಲವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ 1950ರಲ್ಲಿ ಇಬ್ಬರೂ ಭೇಟಿಯಾದುದು, ಮುಂದೆ ಫುಚಿದಾನೂ ಊರೂರು ತಿರುಗಿ ಉಪದೇಶಿಸಿದುದು ನಿಜ.

ನಮ್ಮ ಮನಸ್ಸಿನ ಒಂದು ಮುಳ್ಳನ್ನು ಇಲ್ಲಿ ಮುಚ್ಚಿಡಲಾರೆವು. ಡೂಲಿಟಲನ ದಾಳಿಯ ಸೇಡಿಗಾಗಿ ಜಪಾನೀ ಸೈನ್ಯವು ಚೀನದ ಝೆಜಿಯಾಂಗ್, ಜಿಯಾಂಗ್ಸಿ ಪ್ರಾಂತಗಳಲ್ಲಿ ಕೊಂದ ಜನ ಸುಮಾರು ಎರಡೂವರೆ ಲಕ್ಷವೆಂದು ಚೀನೀಯರ ಅಂದಾಜು. ಅವರ ಪರವಾಗಿ ಕ್ಷಮಿಸುವ ಅಧಿಕಾರ ಡಿಶೇಜರನಿಗಿರಲಿಲ್ಲ. ಕ್ಷಮಿಸಲು ಆತನಿಗಿದ್ದುದು ತನ್ನ 40 ತಿಂಗಳು ಮಾತ್ರ. ಕ್ಷಮೆ ಬೇಡಬೇಕಾದ ಊರೂ ಒಂದಿತ್ತು.

1959ರಲ್ಲಿ ಆತನು ನಗೋಯಾಕ್ಕೆ ಹೋಗಿ, ತಾನು ಬಾಂಬು ಹಾಕಿದ ಆ ಪಟ್ಟಣದಲ್ಲಿಯೇ ಒಂದು ದೇವಾಲಯವನ್ನು ಸ್ಥಾಪಿಸಿದನು. ಜಪಾನಿನಲ್ಲಿ ಒಟ್ಟು 30 ವರ್ಷ ಕಳೆದು ಸ್ವದೇಶಕ್ಕೆ ಮರಳಿ, 2008ರಲ್ಲಿ, ತನ್ನ 95ನೆಯ ವಯಸ್ಸಿನಲ್ಲಿ ನಿಧನ ಹೊಂದಿದನು.