ಭಾನುವಾರ ಗದ್ದೆಯಲ್ಲಿ ರೇಸು, ಸೋಮವಾರ ಸಾಗರಕ್ಕೆ: ಟೈರ್ ಯಾವುದು ಹಾಕೋಣ?

ಲಾಂಚ್ ಇದ್ದ ಕಾಲದಲ್ಲಿ ತುಮರಿಯಲ್ಲಿ ಟೈರಿನ ಬಗ್ಗೆ ತಲೆ ಕೆಡಿಸಿಕೊಂಡವರು ಕಡಿಮೆ. ಕಳಸವಳ್ಳಿ ದಡದಲ್ಲಿ ಸಾಲು ನಿಲ್ಲಬೇಕು, ಸರದಿ ಬಂದಾಗ ಲಾಂಚ್ ಹತ್ತಿಸಬೇಕು, ಅಂಬಾರಗೋಡ್ಲಿನಲ್ಲಿ ಇಳಿಸಬೇಕು. ಎಷ್ಟು ಜೋರಾಗಿ ಬಂದವನೂ ಹೊಳೆಯ ಹತ್ತಿರ ಬಂದು ಸುಮ್ಮನೆ ನಿಲ್ಲಲೇಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಯಾವ ಕಾರಿದ್ದೂ ಉಪಯೋಗವಿರಲಿಲ್ಲ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದರೆ ಅರವತ್ತು ವರ್ಷ ಹಿನ್ನೀರು ದಾಟಲು ಕಾದ ಕರೂರು ಸೀಮೆಯ ನಾವು ಈಗ ಎರಡೂವರೆ ಕಿಲೋಮೀಟರ್ ಆಸುಪಾಸಿನ ನೇರ ರಸ್ತೆಯನ್ನು ಎರಡು ಮೂರು ನಿಮಿಷದಲ್ಲಿ ದಾಟುತ್ತೇವೆ. ಒಳ್ಳೆಯದೇ ಆಯಿತು. ಆದರೆ ಇದರ ಜೊತೆಗೆ ಬಂದ ಒಂದು ಬದಲಾವಣೆಯ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮೂರಿನ ಕಾರುಗಳು ಈಗ ದಿನಾ ಓಡುತ್ತವೆ, ರಾತ್ರಿ ಓಡುತ್ತವೆ, ಮಳೆಯಲ್ಲಿ ಓಡುತ್ತವೆ, ಮೊದಲಿಗಿಂತ ಜೋರಾಗಿ ಓಡುತ್ತವೆ. ಅವುಗಳಲ್ಲಿ ಕೆಲವು ಭಾನುವಾರ ರೇಸಿಗೂ ಹೋಗುತ್ತವೆ.

ರೇಸ್ ಎಂದರೆ ದೊಡ್ಡದೇನೂ ಅಲ್ಲ, ಆಟೋಕ್ರಾಸ್. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಟ್ರ್ಯಾಕ್ಟರ್ ಹೊಡೆದು ದಾರಿ ಮಾಡುತ್ತಾರೆ, ತಿರುವಿಗೆ ಮರಳಿನ ಚೀಲವೋ ಹಳೇ ಟೈರೋ ಇಡುತ್ತಾರೆ, ಗಡಿಯಾರ ಹಿಡಿದು ಒಂದೊಂದೇ ಗಾಡಿ ಬಿಡುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಡೆ ಇದಕ್ಕೆ ಜಾತ್ರೆಯಷ್ಟೇ ಜನ. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯೇ ನಡೆದಿದೆ; ಆ ಪಟ್ಟವನ್ನು ಮೂರು ಸಲ ಗೆದ್ದ ಗೌರವ್ ಗಿಲ್ ಅಲ್ಲಿ ಓಡಿಸಿದ್ದನ್ನು ನೋಡಲು ನಮ್ಮ ಕಡೆಯಿಂದಲೂ ಹುಡುಗರು ಹೋಗಿದ್ದರು. 2019ರಲ್ಲಿ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂತು, ಮೋಟಾರ್ ಕ್ರೀಡೆಗೆ ಮೊದಲನೆಯದು. ಅದಾದ ಮೇಲೆ ಮನೆಯಲ್ಲಿ ಹೇಳಿಕೊಳ್ಳಲು ಇವರಿಗೊಂದು ಮಾತು ಸಿಕ್ಕಿತು: 'ಇದೂ ಆಟವೇ ಅಪ್ಪಯ್ಯ, ಸರ್ಕಾರವೇ ಪ್ರಶಸ್ತಿ ಕೊಟ್ಟಿದೆ.'

ನಮ್ಮ ಗೆಳೆಯನೊಬ್ಬನಿದ್ದಾನೆ. ಸಾಗರದಲ್ಲಿ ಕೆಲಸ, ದಿನಾ ಹೋಗಿಬರಲು ಎಂಬತ್ತು ಕಿಲೋಮೀಟರ್ ಹತ್ತಿರ. ಹಳೆಯ ಸ್ವಿಫ್ಟ್. ಈ ಬೇಸಿಗೆಯಲ್ಲಿ ಅವನು ರ‍್ಯಾಲಿ ತಂಡದವರು ಸ್ವಲ್ಪ ಓಡಿಸಿ ಬಿಟ್ಟ ನಾಲ್ಕು ಟೈರ್ ತಂದ. ಹೊಸದರ ಅರ್ಧ ಬೆಲೆಗೂ ಕಡಿಮೆ. ದೊಡ್ಡ ದೊಡ್ಡ ಬಟನ್, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಿನ ರಬ್ಬರ್. ಗದ್ದೆಯಲ್ಲಿ ಆ ಗಾಡಿ ಹೋದದ್ದನ್ನು ನೋಡಬೇಕಿತ್ತು! ಹಿಂದಿನ ಸಲಕ್ಕಿಂತ ಎಷ್ಟೋ ಬೇಗ ಸುತ್ತು ಮುಗಿಸಿ, ಅವನ ವಿಭಾಗದಲ್ಲಿ ಮೂರನೆಯವನಾಗಿ ಬಂದ. ಕಪ್ ಹಿಂದಿನ ಸೀಟಿನಲ್ಲಿಟ್ಟುಕೊಂಡು, ಅದೇ ಟೈರಿನಲ್ಲಿ, ನಮ್ಮಲ್ಲಿಬ್ಬರನ್ನು ಹತ್ತಿಸಿಕೊಂಡು ಊರಿಗೆ ಹೊರಟ.

ತೀರ್ಥಹಳ್ಳಿ ದಾಟಿ ಹೊಸನಗರದ ಹಾದಿಯಲ್ಲಿ ಮಳೆ ಬಂತು. ವರ್ಷದ ಮೊದಲ ಮಳೆ. ನಾಲ್ಕಾರು ತಿಂಗಳಿಂದ ರಸ್ತೆಯಲ್ಲಿ ಕೂತ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಆ ಮೊದಲ ಅರ್ಧ ಗಂಟೆಯಲ್ಲಿ ಎದ್ದು ಸೋಪಿನ ಹಾಗೆ ಆಗುತ್ತದೆ. ಒಂದು ಎಡ ತಿರುವು. ಐವತ್ತರ ಮೇಲೆ ಇರಲಿಲ್ಲ. ಸ್ಟೀರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ನೇರ ಹೋಗಿ ಚರಂಡಿ ಹಾರಿ ದರೆಗೆ ಮೂಗು ಒತ್ತಿ ನಿಂತಿತು. ಬಂಪರ್ ಒಡೆಯಿತು, ಒಬ್ಬರ ಮೊಣಕೈ ತರಚಿತು, ಅಷ್ಟೇ. ತಿರುವು ಬಲಕ್ಕಿದ್ದಿದ್ದರೆ ಎಡಗಡೆ ಇದ್ದದ್ದು ಕಣಿವೆ.

ಅವನ ಅಜ್ಜಿಯನ್ನು ಮರುದಿನ ಬೆಳಿಗ್ಗೆ ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಅದೇ ಕಾರಿನಲ್ಲಿ.

ಈ ಘಟನೆ ಆದ ಮೇಲೆ ನಮಗೆ ಎರಡು ಬಗೆಯ ಬುದ್ಧಿಮಾತು ಸಿಕ್ಕಿತು. ಹಿರಿಯರದ್ದು: 'ರೇಸು ಬಿಡಿ ಮಾರಾಯ್ರೆ.' ರೇಸಿನವರದ್ದು: 'ಇನ್ನೂ ಒಳ್ಳೇ ಗ್ರಿಪ್ಪಿನ ಟೈರ್ ಹಾಕಿ.' ಎರಡನ್ನೂ ನಾವು ಒಪ್ಪುವುದಿಲ್ಲ. ಎರಡನೆಯದು ಹೆಚ್ಚು ಅಪಾಯದ ಮಾತು, ಏಕೆಂದರೆ ಅದು ಸರಿ ಎನ್ನುವಂತೆ ಕೇಳಿಸುತ್ತದೆ.

ಗ್ರಿಪ್ ಎನ್ನುವುದು ಟೈರಿನೊಳಗೆ ತುಂಬಿಟ್ಟ ಸರಕಲ್ಲ. ಟೈರ್ ಮತ್ತು ಅದರ ಕೆಳಗಿನ ನೆಲ ಎರಡೂ ಸೇರಿದಾಗ ಹುಟ್ಟುವುದು. ಸಡಿಲ ಮಣ್ಣಿನಲ್ಲಿ ಟೈರಿನ ಬಟನ್ ಮೇಲಿನ ಪುಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ಪದರಕ್ಕೆ ಕಚ್ಚಬೇಕು. ಅದಕ್ಕೇ ಬಟನ್‌ಗಳ ನಡುವೆ ಅಗಲದ ಸಂದು ಇರುತ್ತದೆ. ಮಣ್ಣು ಅಲ್ಲಿ ಸಿಕ್ಕಿಕೊಳ್ಳದೆ ಉದುರಿಹೋಗಬೇಕು. ಅದಕ್ಕೇ ಮಣ್ಣಿನ ರ‍್ಯಾಲಿ ಟೈರು ನೋಡಲು ತೆಳ್ಳಗೆ. ನಾಟಿ ಗದ್ದೆಗೆ ಇಳಿಯುವ ಟಿಲ್ಲರಿಗೆ ಕಬ್ಬಿಣದ ಚಕ್ರ ಹಾಕುತ್ತೇವಲ್ಲ, ಲೆಕ್ಕಾಚಾರ ಅದೇ. ಆ ಚಕ್ರದಲ್ಲಿ ಟಾರು ರಸ್ತೆ ಮೇಲೆ ಸಾಗರಕ್ಕೆ ಹೋಗುತ್ತೇವೆಯೇ?

ಟಾರಿನ ಮೇಲೆ ಕಚ್ಚಲು ಪುಡಿಯೇ ಇಲ್ಲ. ಅಲ್ಲಿ ಎಷ್ಟು ರಬ್ಬರ್ ರಸ್ತೆಗೆ ತಾಗಿದೆ ಎನ್ನುವುದೇ ಮುಖ್ಯ. ದೊಡ್ಡ ಸಂದಿನ ಟೈರಿನಲ್ಲಿ ತಾಗುವ ರಬ್ಬರ್ ಕಡಿಮೆ, ಮೆತ್ತಗಿನ ಎತ್ತರದ ಬಟನ್ ತಿರುವಿನಲ್ಲಿ ಬಾಗಿ ಹೊರಳುತ್ತದೆ. ಮಳೆ ಬಂದರೆ ಇನ್ನೊಂದು ಕೆಲಸ ಸೇರುತ್ತದೆ. ರಸ್ತೆಗೂ ರಬ್ಬರಿಗೂ ನಡುವಿನ ನೀರನ್ನು ಹೊರಗೆ ತಳ್ಳಬೇಕು. ರಸ್ತೆ ಟೈರಿನ ಉದ್ದನೆಯ ಗೀರು, ಬಟನ್ ಮೇಲಿನ ಸಣ್ಣ ಸೀಳು, ತಣ್ಣಗಿದ್ದಾಗಲೂ ಮೆದುವಾಗಿರುವಂತೆ ಸಿಲಿಕಾ ಬೆರೆಸಿದ ರಬ್ಬರ್ ಎಲ್ಲ ಇರುವುದು ಈ ಕೆಲಸಕ್ಕೆ. ನೀರು ಹೊರಗೆ ಹೋಗದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ.

ಸೆಮಿ ಸ್ಲಿಕ್ ಎನ್ನುವ ಇನ್ನೊಂದು ಜಾತಿ ಇದೆ. ಚೆನ್ನೈ, ಕೊಯಮತ್ತೂರಿನ ಟಾರ್ ಟ್ರ್ಯಾಕಿನ ವೀಡಿಯೊ ನೋಡಿ ನಮ್ಮ ಹುಡುಗರು ಅದಕ್ಕೂ ಆಸೆ ಪಡುತ್ತಾರೆ. ಅದರಲ್ಲಿ ಗೀರು ಬಹಳ ಕಡಿಮೆ, ಬಿಸಿಯಾದ ಮೇಲೆ ಅಂಟಿನ ಹಾಗೆ ಹಿಡಿಯುವ ರಬ್ಬರ್. ಒಣ ಟ್ರ್ಯಾಕಿನಲ್ಲಿ ಅದರ ಮುಂದೆ ಯಾವುದೂ ನಿಲ್ಲುವುದಿಲ್ಲ. ಆದರೆ ಜುಲೈ ತಿಂಗಳ ಬೆಳಿಗ್ಗೆ ಏಳು ಗಂಟೆಗೆ ಬ್ಯಾಕೋಡಿನಿಂದ ಹೊರಟ ಕಾರಿನಲ್ಲಿ ಆ ಟೈರ್ ಬಿಸಿಯಾಗುವುದು ಯಾವಾಗ? ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಹುಲಿಕಲ್, ಕೋಗಾರು ಘಾಟಿಯ ಕಡೆಯೂ ಮಳೆ ಕಡಿಮೆಯೇನಿಲ್ಲ. ಅಂಥ ನಾಡಿನಲ್ಲಿ ಗೀರಿಲ್ಲದ ಟೈರು ದಿನದ ಓಡಾಟಕ್ಕೆ ಎನ್ನುವವರು ನಮ್ಮ ಕಡೆ ಒಂದು ಮಳೆಗಾಲ ಇದ್ದು ನೋಡಬೇಕು. 2020ರ ಜೂನ್‌ನಿಂದ ಟೈರ್ ಆಮದಿಗೆ ನಿರ್ಬಂಧವಿರುವುದರಿಂದ ಹೊರದೇಶದ ಇಂಥ ಟೈರ್ ಸಿಗುವುದೂ ಕಷ್ಟ, ಬೆಲೆಯೂ ಹೆಚ್ಚು. ಈ ಒಂದು ವಿಷಯದಲ್ಲಿ ನಿರ್ಬಂಧ ನಮ್ಮ ಹುಡುಗರಿಗೆ ಒಳ್ಳೆಯದೇ ಮಾಡಿದೆ ಎನ್ನಿಸುತ್ತದೆ.

ಹಾಗಾದರೆ ಏನು ಹಾಕಬೇಕು? ಮನೆಯಲ್ಲಿ ಒಂದೇ ಕಾರಿದ್ದರೆ ಅದರ ಕಾಲಿನಲ್ಲಿ ಯಾವಾಗಲೂ ಒದ್ದೆ ರಸ್ತೆಯ ಟೈರೇ ಇರಬೇಕು ಎನ್ನುವುದು ನಮ್ಮ ನಿಲುವು. ರೇಸಿಗೆ ಬೇರೆ ಬೇಕೆಂದರೆ ಬೇರೆ ಡಿಸ್ಕಿಗೆ ಹಾಕಿಟ್ಟುಕೊಳ್ಳಿ. ಗುಜರಿಯಲ್ಲಿ ಹಳೇ ಕಬ್ಬಿಣದ ಡಿಸ್ಕ್ ಸಿಗುತ್ತದೆ. ಬಾಗಿಲ್ಲದ್ದು, ಬೋಲ್ಟಿನ ತೂತು ಸರಿಹೊಂದುವುದು ನೋಡಿ ತಂದರೆ ಸಾಕು. ಗದ್ದೆಯ ಪಕ್ಕದಲ್ಲೇ ಜಾಕ್ ಕೊಟ್ಟು ಬದಲಾಯಿಸಿದರೆ ಅರ್ಧ ಗಂಟೆ. ಎರಡನೇ ಜೊತೆಗೆ ದುಡ್ಡಿಲ್ಲದಿದ್ದರೆ ರಸ್ತೆ ಟೈರಿನಲ್ಲೇ ರೇಸಿಗೆ ಹೋಗಿ. ಕಪ್ ಬರಲಿಕ್ಕಿಲ್ಲ, ಇರಲಿ.

ಅಂಗಡಿಯಲ್ಲಿ ಟೈರ್ ನೋಡುವಾಗ ಅದರ ಪಕ್ಕದ ಅಕ್ಷರ ಓದುವ ಅಭ್ಯಾಸ ನಮ್ಮಲ್ಲಿ ಇಲ್ಲ. 185/65 ಆರ್15 88ಟಿ ಎಂದಿದ್ದರೆ ಆ 88 ಎನ್ನುವುದು ಒಂದು ಟೈರ್ 560 ಕೆ.ಜಿ. ಹೊರುತ್ತದೆ ಎಂಬುದರ ಗುರುತು. ಅಡಿಕೆ ಚೀಲ ತುಂಬಿ ಹೋಗುವವರು ಇದಕ್ಕಿಂತ ಕಡಿಮೆಯದನ್ನು ಹಾಕಿಸಬಾರದು. ನಾಲ್ಕು ಅಂಕಿಯ ಇನ್ನೊಂದು ಗುರುತಿರುತ್ತದೆ, 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಮೆತ್ತಗಿನ ರಬ್ಬರಿನ ಸೆಕೆಂಡ್ ಹ್ಯಾಂಡ್ ಟೈರ್ ತರುವವರಂತೂ ಇದನ್ನು ನೋಡಲೇಬೇಕು, ಬಿಸಿಯಾಗಿ ತಣ್ಣಗಾಗಿ ಹಲವು ಸಲ ಆದ ರಬ್ಬರ್ ಬಟನ್ ಉಳಿದಿದ್ದರೂ ಗಟ್ಟಿಯಾಗಿರುತ್ತದೆ. ಕೆಲವು ಟೈರಿನ ಮೇಲೆ ಟ್ರೆಡ್‌ವೇರ್ 200, 400 ಎಂದು ಬರೆದಿರುತ್ತದೆ. ಅಂಕಿ ಕಡಿಮೆಯಾದಷ್ಟು ರಬ್ಬರ್ ಬೇಗ ಸವೆಯುತ್ತದೆ, ಸಾಮಾನ್ಯವಾಗಿ ಹಿಡಿತ ಜಾಸ್ತಿ. ಆದರೆ ಆ ಅಂಕಿ ಕೊಡುವುದು ಕಂಪನಿಯೇ, ಒಂದು ಕಂಪನಿಯ 300ನ್ನು ಇನ್ನೊಂದರ 300ಕ್ಕೆ ಹೋಲಿಸಲಾಗದು. ಪಕ್ಕದಲ್ಲಿ ಟ್ರಾಕ್ಷನ್ ಎ, ಎಎ ಎಂದಿರುವುದು ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿ ನೋಡಿದ ಫಲಿತಾಂಶ ಮಾತ್ರ. ತಿರುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ನಮ್ಮ ರಸ್ತೆಯಲ್ಲಿ ತಿರುವು ಬಿಟ್ಟರೆ ಬೇರೇನಿದೆ?

ಗಾಳಿಯ ಮಾತನ್ನು ಬಿಡುವಂತಿಲ್ಲ. ದರೆಗೆ ಹೋದ ದಿನ ನಮ್ಮ ಗೆಳೆಯನ ಟೈರಿನಲ್ಲಿ ಗಾಳಿಯೂ ಕಡಿಮೆ ಇತ್ತು. ಗದ್ದೆಗೆ ಇಳಿಯುವ ಮೊದಲು ಇಳಿಸಿದ್ದ, ಬರುವಾಗ ತುಂಬಿಸಿಕೊಂಡಿರಲಿಲ್ಲ. ಗಾಳಿ ಕಡಿಮೆಯಾದಷ್ಟು ಟೈರ್ ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲತೊಡಗುತ್ತದೆ. ಎಂಟು ನೂರು ರೂಪಾಯಿಯ ಕಾಲ್ಪಂಪು ಹಿಂದಿನ ಡಿಕ್ಕಿಯಲ್ಲಿದ್ದಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತೇನೋ. ಹಾಗೆಯೇ ಎರಡೇ ಹೊಸ ಟೈರ್ ಹಾಕಿಸುವುದಾದರೆ ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಎಳೆಯುವ ಗಾಡಿಗೂ ಇದೇ. ಮುಂದಿನದು ಜಾರಿದರೆ ಆಕ್ಸಿಲೇಟರ್ ಬಿಟ್ಟು ಸುಧಾರಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಗಾಡಿ ಬುಗುರಿಯಾಗುತ್ತದೆ. ಅಂಗಡಿಯವರು ಮುಂದಕ್ಕೇ ಹಾಕುತ್ತೇವೆ ಎನ್ನುತ್ತಾರೆ. ನಾವೂ ವಾದ ಮಾಡಿ ಹಿಂದಕ್ಕೆ ಹಾಕಿಸಿಕೊಂಡು ಬಂದಿದ್ದೇವೆ.

ಕಾರಿನ ಟೈರಿನಲ್ಲಿ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದು ಕಾನೂನು ಹೇಳುತ್ತದೆ. ಒದ್ದೆ ರಸ್ತೆಯ ಹಿಡಿತವೂ ಇಷ್ಟಿರಬೇಕು ಎನ್ನುವ ನಿಯಮ ಹೊಸ ಮಾದರಿಯ ಟೈರುಗಳಿಗೆ 2022ರ ಅಕ್ಟೋಬರ್‌ನಿಂದ, ಈಗಾಗಲೇ ಮಾರುಕಟ್ಟೆಯಲ್ಲಿದ್ದವಕ್ಕೆ 2023ರ ಏಪ್ರಿಲ್‌ನಿಂದ ಬಂದಿದೆ. ಕಾನೂನಿನ 1.6 ಬಯಲುಸೀಮೆಗೆ ಸಾಕೇನೋ. ಮಲೆನಾಡಿನಲ್ಲಿ ಮೂರು ಮಿಲಿಮೀಟರಿಗೆ ಬಂದಾಗಲೇ, ಮಿರಗದ ಮಳೆ ಹಿಡಿಯುವ ಮೊದಲೇ ಬದಲಾಯಿಸುವುದು ಒಳ್ಳೆಯದು ಎನ್ನುತ್ತೇವೆ. ಖರ್ಚಿನ ಮಾತು ಹೌದು. ಅಡಿಕೆಗೆ ಕೊಳೆ ಬರುವ ಮೊದಲೇ ಬೋರ್ಡೋ ಹೊಡೆಯುವುದಕ್ಕೂ ಖರ್ಚಿದೆ, ಹೊಡೆಯುತ್ತೇವೆ.

ಇನ್ನು ಆಟೋಕ್ರಾಸ್ ನಡೆಸುವವರಲ್ಲಿ ನಮ್ಮ ಒಂದು ಕೇಳಿಕೆ. ನಮ್ಮ ಗೆಳೆಯ ರ‍್ಯಾಲಿ ಟೈರ್ ಹಾಕಿಕೊಂಡು ಹೆದ್ದಾರಿಗೆ ಬಂದದ್ದು ಅವನ ತಪ್ಪೇ. ಆದರೆ ಅವನನ್ನು ಅಲ್ಲಿಗೆ ತಂದದ್ದು ನಿಮ್ಮ ವಿಭಾಗದ ಪಟ್ಟಿಯೂ ಹೌದು. ಎಂಜಿನ್ ಎಷ್ಟು ಸಿಸಿ ಎಂದು ವಿಭಾಗ ಮಾಡುತ್ತೀರಿ, ಹೆಂಗಸರಿಗೆ ಬೇರೆ ವಿಭಾಗ ಇಡುತ್ತೀರಿ, ಆದರೆ ಕಾಲಿನಲ್ಲಿ ಏನಿದೆ ಎಂದು ನೋಡುವುದಿಲ್ಲ. ತೋಟದ ಮನೆಯ ಹುಡುಗ ಟ್ರೈಲರಿನಲ್ಲಿ ಗಾಡಿ ತಂದು, ಹೊಸ ರ‍್ಯಾಲಿ ಟೈರ್ ಹಾಕಿ ಓಡಿಸುತ್ತಾನೆ. ಸಂಬಳದ ಹುಡುಗ ಅದೇ ಗಾಡಿಯಲ್ಲಿ ಬಂದು ಅದೇ ಗಾಡಿಯಲ್ಲಿ ಮನೆಗೆ ಹೋಗಬೇಕು. ಇಬ್ಬರಿಗೂ ಒಂದೇ ಗಡಿಯಾರ. ಕೆಲವು ಸೆಕೆಂಡಿಗಾಗಿ ಎರಡನೆಯವನು ಜೀವ ಒತ್ತೆಯಿಡುತ್ತಾನೆ.

ಅಮೆರಿಕದ ಆಟೋಕ್ರಾಸಿನಲ್ಲಿ ರಸ್ತೆ ಕಾರಿನ ವಿಭಾಗಕ್ಕೆ ಟ್ರೆಡ್‌ವೇರ್ 200ಕ್ಕಿಂತ ಕಡಿಮೆಯ ಟೈರ್ ಹಾಕುವಂತಿಲ್ಲ. ನಮ್ಮಲ್ಲಿ ಇನ್ನೂ ಸರಳ ಮಾಡಬಹುದು: ರಸ್ತೆ ಟೈರ್ ವಿಭಾಗ ಎಂದು ಒಂದಿರಲಿ. ಬೆಳಿಗ್ಗೆ ಗಾಡಿ, ಹೆಲ್ಮೆಟ್ ತಪಾಸಣೆ ಮಾಡುವಾಗಲೇ ಟೈರಿನ ಪಕ್ಕದ ಅಕ್ಷರ ಓದಿ, ಗೀರಿಗೆ ಅಳತೆ ಕಡ್ಡಿ ಹಾಕಿ, ಸೀಮೆಸುಣ್ಣದ ಗುರುತು ಮಾಡಿ. ಸಂಜೆ ಹೊರಡುವಾಗ ಗೇಟಿನ ಹತ್ತಿರ ಒಂದು ಗಾಳಿ ಮೆಷಿನ್ ಇಡಿ. ಪ್ರಾಯೋಜಕರ ಬ್ಯಾನರಿಗೆ ಆಗುವಷ್ಟು ಖರ್ಚೂ ಇದಕ್ಕಾಗದು. ಟೈರ್ ಕಂಪನಿಗಳಿಗೂ ಇದು ಬೇಡವಾಗಬಾರದು. ಮೈಸೂರಿನ ವಿಕ್ರಾಂತ್ ಟೈರನ್ನು 1997ರಲ್ಲಿ ಕೊಂಡ ಜೆಕೆ ಟೈರ್, 2022ರ ಯುರೋಪಿಯನ್ ರ‍್ಯಾಲಿ ಪಟ್ಟ ಗೆದ್ದ ಗಾಡಿಗೆ ಟೈರ್ ಕೊಟ್ಟ ಎಂಆರ್‌ಎಫ್, ಇಬ್ಬರೂ ಕೊನೆಗೆ ಮಾರುವುದು ನಮ್ಮಂಥವರ ದಿನದ ಗಾಡಿಗೆ ಹಾಕುವ ಟೈರನ್ನೇ. ಅದರಲ್ಲೇ ಓಡಿ ಗೆದ್ದರೆ ಅವರಿಗೂ ಒಳ್ಳೆಯ ಜಾಹೀರಾತಲ್ಲವೇ?

ಗೆಳೆಯನ ಗಾಡಿ ರಿಪೇರಿಯಾಗಿ ಬಂದಿದೆ. ನಾಲ್ಕಕ್ಕೂ ರಸ್ತೆ ಟೈರ್, ಕಂತಿನಲ್ಲಿ. ರ‍್ಯಾಲಿ ಟೈರುಗಳು ಹಳೇ ಡಿಸ್ಕಿಗೆ ಕೂತು ಕೊಟ್ಟಿಗೆಯ ಅಟ್ಟದಲ್ಲಿ ಟಾರ್ಪಾಲಿನ ಕೆಳಗಿವೆ, ಮಾರುವುದಿಲ್ಲ ಎನ್ನುತ್ತಾನೆ. ಮೊನ್ನೆ ಮಳೆಯಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಸೇತುವೆ ದಾಟುವಾಗ ಹಿಂದಿನ ಸೀಟಿನಲ್ಲಿ ನಾವೂ ಇದ್ದೆವು. ಹೊಸನಗರದ ಹಾದಿಯ ಕಥೆ ಅವರಿಗೆ ಇನ್ನೂ ಯಾರೂ ಹೇಳಿಲ್ಲ. 'ಎಂತಕೆ ಇಷ್ಟು ನಿಧಾನ ಹೊಡೀತೆ, ಲಾಂಚೇ ಬೇಗ ಹೋಗ್ತಿತ್ತು' ಎಂದರು ಅಜ್ಜಿ. ಅವನು ಏನೂ ಹೇಳಲಿಲ್ಲ, ವೈಪರ್ ಒಂದು ಹಂತ ಜಾಸ್ತಿ ಮಾಡಿದ.